ಚಾರ್ಲಿ ಕರ್ಕ್ ಹೋದ ಮೇಲೆ ನಮ್ಮ ಗುಂಪು: ನನ್ನ ಅನುಭವ

ನಾನು ಅರಿಜೋನಾದಲ್ಲಿ ರಿಪಬ್ಲಿಕನ್ ಪಕ್ಷದ ಪ್ರಿಸಿಂಕ್ಟ್ ಕಮಿಟಿಮನ್. ದೊಡ್ಡ ಹುದ್ದೆಯೇನಲ್ಲ. ಊರ ಕಡೆ ಬೂತ್ ಮಟ್ಟದ ಕಾರ್ಯಕರ್ತ ಅಂತಾರಲ್ಲ, ಹೆಚ್ಚುಕಮ್ಮಿ ಅದೇ. ಮತದಾರರ ಪಟ್ಟಿ ಹಿಡಿದು ಮನೆ ಮನೆ ಬಾಗಿಲು ತಟ್ಟುವುದು, ತಿಂಗಳಿಗೊಮ್ಮೆ ಸಭೆಗೆ ಕುರ್ಚಿ ಹಾಕುವುದು, ಆಮೇಲೆ ಅದೇ ಕುರ್ಚಿ ಎತ್ತಿಡುವುದು.

2025ರ ಸೆಪ್ಟೆಂಬರ್ 10ರಂದು ಯೂಟಾದ ಓರೆಮ್‌ನಲ್ಲಿ, ಯೂಟಾ ವ್ಯಾಲಿ ಯೂನಿವರ್ಸಿಟಿಯಲ್ಲಿ ವಿದ್ಯಾರ್ಥಿಗಳ ಪ್ರಶ್ನೆಗೆ ಉತ್ತರಿಸುತ್ತಿದ್ದ ಬಲಪಂಥೀಯ ಯುವ ನಾಯಕ ಚಾರ್ಲಿ ಕರ್ಕ್‌ಗೆ ಗುಂಡು ಬಿತ್ತು, ಪ್ರಾಣ ಹೋಯಿತು. ವಯಸ್ಸು 31. ಅವನು 2012ರಲ್ಲಿ, 18ನೇ ವಯಸ್ಸಿನಲ್ಲಿ ಶುರು ಮಾಡಿದ, ವಿದ್ಯಾರ್ಥಿಗಳನ್ನು ಬಲಪಂಥದ ಕಡೆ ಸಂಘಟಿಸುವ ಟರ್ನಿಂಗ್ ಪಾಯಿಂಟ್ ಯುಎಸ್‌ಎ ಸಂಸ್ಥೆಯ ಮುಖ್ಯ ಕಚೇರಿ ಇರುವುದು ಇಲ್ಲೇ ಫೀನಿಕ್ಸ್‌ನಲ್ಲಿ. ಹಾಗಾಗಿ ನಮ್ಮವರಿಗೆ ಅವನು ಟಿವಿಯಲ್ಲಿ ಬರುವ ಮನುಷ್ಯ ಮಾತ್ರ ಆಗಿರಲಿಲ್ಲ. 2020ರ ಅಧ್ಯಕ್ಷ ಚುನಾವಣೆಯಲ್ಲಿ ಈ ರಾಜ್ಯವನ್ನು ನಾವು ಬರೀ 10,457 ಮತಗಳಲ್ಲಿ ಕಳೆದುಕೊಂಡಿದ್ದೆವು. 2024ರಲ್ಲಿ ಹೆಚ್ಚುಕಮ್ಮಿ 1.87 ಲಕ್ಷ ಮತಗಳಲ್ಲಿ ಗೆದ್ದೆವು. ಮತ ಹಾಕಲು ಸೋಮಾರಿತನ ಮಾಡುವವರನ್ನು ಹುಡುಕಿ ಬೆನ್ನು ಹತ್ತುವ ಕೆಲಸಕ್ಕೆ ಅವನ ಕಡೆಯ ಹುಡುಗರು ಬಂದಿದ್ದರು. ಗೆಲುವೆಲ್ಲ ಅದರಿಂದಲೇ ಅಂತ ನಾನು ಹೇಳುವುದಿಲ್ಲ. ಆದರೆ ನಮ್ಮಲ್ಲಿ ಅರ್ಧ ಜನ ಹಾಗೇ ನಂಬಿದ್ದಾರೆ.

ನಮ್ಮ ಸಭೆಗೆ ಯಾವಾಗಲೂ ಬರುತ್ತಿದ್ದವರು 15 ಜನ. ಆ ತಿಂಗಳು 60 ದಾಟಿತು. ಕುರ್ಚಿ ಸಾಲಲಿಲ್ಲ. ಎಲ್ಲರೂ ಒಂದೇ ಮನೆಯವರ ಹಾಗೆ ಅತ್ತರು, ಪ್ರಾರ್ಥನೆ ಮಾಡಿದರು. ಇದೇ ಒಗ್ಗಟ್ಟು ಅಂದುಕೊಂಡೆ. ಸಾವಿನ ಮನೆಯಲ್ಲಿ ಅಣ್ಣತಮ್ಮಂದಿರು ಜಗಳ ಆಡುವುದಿಲ್ಲ, ತಿಥಿ ಮುಗಿದ ಮೇಲೆ ಆಸ್ತಿ ಮಾತು ಬರುತ್ತದೆ ಅನ್ನುವುದು ನನಗೆ ಗೊತ್ತಿರಬೇಕಿತ್ತು.

ಸೆಪ್ಟೆಂಬರ್ 21ರಂದು ಗ್ಲೆಂಡೇಲ್‌ನ ಸ್ಟೇಟ್ ಫಾರ್ಮ್ ಸ್ಟೇಡಿಯಂನಲ್ಲಿ ಶ್ರದ್ಧಾಂಜಲಿ ಸಭೆ. ಅಷ್ಟರಲ್ಲಿ ಅವನ ಹೆಂಡತಿ ಎರಿಕಾ ಸಂಸ್ಥೆಯ ಮುಖ್ಯಸ್ಥೆಯಾಗಿದ್ದರು. ಗಂಡನನ್ನು ಕೊಂದ ಯುವಕನನ್ನು ಕ್ಷಮಿಸಿದ್ದೇನೆ ಅಂತ ಆ ವೇದಿಕೆಯ ಮೇಲೆ ಹೇಳಿದರು. ಆಮೇಲೆ ಮಾತಾಡಿದ ಟ್ರಂಪ್, ಈ ವಿಷಯದಲ್ಲಿ ನಾನು ಚಾರ್ಲಿ ಥರ ಅಲ್ಲ, ನನ್ನ ವಿರೋಧಿಗಳನ್ನು ಕಂಡರೆ ನನಗೆ ಆಗುವುದಿಲ್ಲ ಅಂದರು. ಮರುದಿನ ನಮ್ಮ ವಾಟ್ಸಾಪ್ ಗುಂಪಿನಲ್ಲಿ ಅರ್ಧ ಜನ ಆ ಕಡೆ, ಅರ್ಧ ಜನ ಈ ಕಡೆ.

ಮಧ್ಯದಲ್ಲಿ ಇನ್ನೊಂದು ವಿಷಯ, ಅದು ನನ್ನದೇ. ಭಾರತದವರಿಗೆ ಇನ್ನು ವೀಸಾ ಬೇಡ ಅಂತ ಚಾರ್ಲಿ ಸಾಯುವ ಒಂದು ವಾರಕ್ಕೆ ಮುಂಚೆ ಬರೆದಿದ್ದ. ನನಗೆ ಅದು ಒಪ್ಪಿಗೆ ಇರಲಿಲ್ಲ. ಶ್ರದ್ಧಾಂಜಲಿ ಸಭೆಗೆ ಎರಡು ದಿನ ಮುಂಚೆ, ವಿದೇಶಿ ನೌಕರರಿಗೆ ಕೊಡುವ ಎಚ್-1ಬಿ ವೀಸಾದ ಹೊಸ ಅರ್ಜಿಗಳಿಗೆ 1 ಲಕ್ಷ ಡಾಲರ್ ಶುಲ್ಕ ಅಂತ ಟ್ರಂಪ್ ಸರ್ಕಾರ ಆದೇಶ ಹೊರಡಿಸಿತು. ಮುಂದಿನ ಸಭೆಯಲ್ಲಿ ಹೊಸದಾಗಿ ಬಂದಿದ್ದ ಒಬ್ಬ ಹುಡುಗ ಎಲ್ಲರ ಮುಂದೆ ಕೇಳಿದ: "ನೀವೂ ಆ ವೀಸಾದಲ್ಲೇ ಬಂದವರಾ?" ಹೌದು ಅಂದೆ. ಮೊದಲು ಎಚ್-1ಬಿ, ಆಮೇಲೆ ಗ್ರೀನ್ ಕಾರ್ಡ್, ಆಮೇಲೆ ಪೌರತ್ವ. ಯಾರೂ ಮಾತಾಡಲಿಲ್ಲ. ಹಿಂದಿನ ಸಾಲಿನಲ್ಲಿದ್ದ ವಯಸ್ಸಾದ ಪ್ಲಂಬರ್ ಒಬ್ಬರು ಎದ್ದು ನಿಂತರು. "ಇವನಿಗೆ ಈ ಏರಿಯಾದಲ್ಲಿ ನಾನೂರು ಬಾಗಿಲು ಗೊತ್ತು. ನಿನಗೆ ಎಷ್ಟು ಗೊತ್ತು?" ಅಂದರು. ಅಲ್ಲಿಗೆ ಆ ಮಾತು ನಿಂತಿತು.

ಆಗ ನನಗೆ ಒಂದು ವಿಷಯ ಹೊಳೆಯಿತು. ಮುಂಚೆ ನಮ್ಮಲ್ಲಿ ಜಾಸ್ತಿ ಜನ ಚಾರ್ಲಿಯ ಶೋ ಕೇಳಿ ಸಭೆಗೆ ಬರುತ್ತಿದ್ದರು. ಬಲಪಂಥದಲ್ಲೇ ಶೋ ನಡೆಸುವ ಇನ್ನಿಬ್ಬರು, ಬೆನ್ ಶಪಿರೋ ಅಭಿಮಾನಿಗಳಿಗೂ ಟಕರ್ ಕಾರ್ಲ್‌ಸನ್ ಅಭಿಮಾನಿಗಳಿಗೂ ಅವನು ಬೇಕಾದವನು. ಈಗ ನಾಲ್ಕು ಜನ ನಾಲ್ಕು ಪಾಡ್‌ಕಾಸ್ಟ್ ಕೇಳಿ ಬರುತ್ತಿದ್ದರು. ನಮ್ಮ ಒಗ್ಗಟ್ಟು ನಾವು ಕಟ್ಟಿದ್ದೇ ಅಲ್ಲ, ಅವನಿಂದ ಸಾಲ ತಂದಿದ್ದು.

ಮೊದಲು ನಾನು ಮಾಡಿದ್ದು ದಡ್ಡ ಕೆಲಸ. ಒಂದಾಗಿರೋಣ ಅಂತ ಹತ್ತು ನಿಮಿಷ ಭಾಷಣ ಬಿಗಿದೆ. ಚಪ್ಪಾಳೆ ಬಿತ್ತು, ಪಾರ್ಕಿಂಗ್ ಜಾಗದಲ್ಲಿ ಮತ್ತೆ ಜಗಳ. ಆಮೇಲೆ ಭಾಷಣ ಬಿಟ್ಟೆ. ಬಂದ ಪ್ರತಿಯೊಬ್ಬರಿಗೂ ಒಂದು ಬೀದಿ ಹಂಚಿದೆ. ಬಾಗಿಲು ತಟ್ಟಲು ಇಬ್ಬರು ಹೋಗಬೇಕು, ಒಬ್ಬರು ಹಳಬರು, ಒಬ್ಬರು ಹೊಸಬರು. ಅರುವತ್ತರಲ್ಲಿ ಮೂವತ್ತು ಜನ ಆ ವಾರವೇ ಕಾಣೆ. ಅವರು ಬಂದಿದ್ದು ದುಃಖಕ್ಕೆ, ಕೆಲಸಕ್ಕಲ್ಲ. ತಪ್ಪೇನಿಲ್ಲ. ಸಭೆ ನಡೆಸುವ ಸರದಿಯನ್ನೂ ತಿಂಗಳಿಗೊಬ್ಬರಂತೆ ಬದಲಿಸಿದೆವು. ಪಟ್ಟಿ, ಪಾಸ್‌ವರ್ಡ್, ಹಾಲ್‌ನ ಬೀಗದ ಕೈ ಎಲ್ಲ ಇಬ್ಬಿಬ್ಬರ ಹತ್ತಿರ. ಅಲ್ಲಿಯವರೆಗೆ ಎಲ್ಲವೂ ನನ್ನೊಬ್ಬನ ಫೋನಿನಲ್ಲಿತ್ತು, ಹೇಳಲು ನಾಚಿಕೆ.

ಅಕ್ಟೋಬರ್ ಕೊನೆಯಲ್ಲಿ ನಿಜವಾದ ಪೆಟ್ಟು ಬಿತ್ತು. ಯಹೂದಿಗಳ ಬಗ್ಗೆ ವಿಷ ಕಾರುವ ನಿಕ್ ಫ್ಯುಯೆಂಟೆಸ್‌ನನ್ನು ಕಾರ್ಲ್‌ಸನ್ ತನ್ನ ಶೋಗೆ ಕರೆದು ಮಾತಾಡಿಸಿದರು. ಹೆರಿಟೇಜ್ ಫೌಂಡೇಶನ್ ಅನ್ನುವ ಬಲಪಂಥೀಯ ಚಿಂತಕರ ಸಂಸ್ಥೆಯ ಅಧ್ಯಕ್ಷರು ಕಾರ್ಲ್‌ಸನ್ ಪರ ವಿಡಿಯೋ ಮಾಡಿದರು, ಅಲ್ಲೂ ರಾಜೀನಾಮೆಗಳಾದವು. ನಮ್ಮ ಗುಂಪಿನಲ್ಲೂ ಒಬ್ಬ ಫ್ಯುಯೆಂಟೆಸ್ ವಿಡಿಯೋಗಳನ್ನು ಹಾಕಲು ಶುರು ಮಾಡಿದ.

ಒಂದು ಪುಟದ ನಿಯಮ ಬರೆದೆವು. ಸುಂಕ, ಯುಕ್ರೇನ್, ಇಸ್ರೇಲ್‌ಗೆ ನೆರವು, ವೀಸಾ, ಎಲ್ಲದರ ಮೇಲೂ ಬೇಕಾದಷ್ಟು ಜಗಳ ಆಡಬಹುದು. ಒಬ್ಬರ ಹುಟ್ಟು, ಧರ್ಮ, ಬಣ್ಣದ ಮೇಲೆ ಮಾತು ಬಂದರೆ ಮಾತ್ರ ಹೊರಗೆ. ಇದಕ್ಕೆ ಅತಿ ಜೋರಾಗಿ ವಿರೋಧ ಮಾಡಿದವರು ನನ್ನ ಪರ ಎದ್ದು ನಿಂತಿದ್ದ ಅದೇ ಪ್ಲಂಬರ್. ಅವರಿಗೂ ಆ ವಿಡಿಯೋಗಳು ಹಿಡಿಸುತ್ತಿರಲಿಲ್ಲ. ಆದರೆ ನಮ್ಮವರನ್ನು ನಾವೇ ಹೊರಹಾಕಬಾರದು ಅಂತ ಅವರ ಹಟ. ರೇಗನ್ ಕಾಲದ 'ಹನ್ನೊಂದನೇ ಆಜ್ಞೆ' ನೆನಪಿಸಿದರು: ಇನ್ನೊಬ್ಬ ರಿಪಬ್ಲಿಕನ್ ಬಗ್ಗೆ ಕೆಟ್ಟದ್ದು ಮಾತಾಡಬಾರದು. ನಾನು 1962ರ ಮಾತು ತೆಗೆದೆ. ಆ ವರ್ಷ ಬಲಪಂಥೀಯ ಲೇಖಕ ವಿಲಿಯಂ ಬಕ್ಲಿ ತನ್ನ ಪತ್ರಿಕೆಯಲ್ಲಿ ಜಾನ್ ಬರ್ಚ್ ಸೊಸೈಟಿ ಅನ್ನುವ ಅತಿ ಬಲಪಂಥೀಯ ಸಂಘಟನೆಯ ಮುಖ್ಯಸ್ಥನ ವಿರುದ್ಧ ಬರೆದ, ಬರೆದಿದ್ದಕ್ಕೆ ಚಂದಾದಾರರನ್ನೂ ಕಳೆದುಕೊಂಡ. "ಬಕ್ಲಿಗೆ ಪತ್ರಿಕೆ ಇತ್ತು, ನಮಗೆ ಇರುವುದು ಇಪ್ಪತ್ತೆಂಟು ಜನ" ಅಂದರು. ಮತ ಹಾಕಿದೆವು. ನಿಯಮ ಗೆದ್ದಿತು. ವಿಡಿಯೋ ಹಾಕುತ್ತಿದ್ದವನು ಹೋದ, ಅವನ ಗೆಳೆಯ ಹೋದ, ಪ್ಲಂಬರ್ ಕೂಡ ಹೋದರು. ನಿಯಮ ಸರಿ ಅಂತ ಈಗಲೂ ಅನ್ನುತ್ತೇನೆ. ಆದರೆ ಮತಕ್ಕೆ ಹಾಕುವ ಮುಂಚೆ ಅವರ ಮನೆಗೆ ಹೋಗಿ ಕೂತು ಮಾತಾಡಬೇಕಿತ್ತು.

ಡಿಸೆಂಬರ್‌ನಲ್ಲಿ ಫೀನಿಕ್ಸ್‌ನ ಟರ್ನಿಂಗ್ ಪಾಯಿಂಟ್ ಸಮಾವೇಶ ಅಮೆರಿಕಾಫೆಸ್ಟ್‌ನಲ್ಲಿ ಶಪಿರೋ, ಕಾರ್ಲ್‌ಸನ್ ಒಂದೇ ರಾತ್ರಿ, ಒಂದೇ ವೇದಿಕೆಯಿಂದ ಒಬ್ಬರನ್ನೊಬ್ಬರು ಬೈದರು. 2028ರ ಅಧ್ಯಕ್ಷ ಚುನಾವಣೆಗೆ ನಮ್ಮ ಬೆಂಬಲ ಉಪಾಧ್ಯಕ್ಷ ವಾನ್ಸ್‌ಗೆ ಅಂತ ಎರಿಕಾ ಘೋಷಿಸಿದರು. ನಮ್ಮ ಸಭೆಯಲ್ಲಿ 2028ರ ಮಾತನ್ನು 2026ರ ನವೆಂಬರ್ ಮುಗಿಯುವವರೆಗೆ ಎತ್ತುವುದಿಲ್ಲ ಅಂತ ಒಪ್ಪಿಕೊಂಡೆವು. ಗವರ್ನರ್ ಚುನಾವಣೆ ಎದುರಿಗಿದೆ, ಅದೇ ಸಾಕಷ್ಟಾಯಿತು.

ವೀಸಾ ಪ್ರಶ್ನೆ ಕೇಳಿದ ಹುಡುಗ ಈಗಲೂ ಬರುತ್ತಾನೆ, ಈಗಲೂ ಒಪ್ಪುವುದಿಲ್ಲ. ಪ್ಲಂಬರ್ ಬರುವುದಿಲ್ಲ. ಅವರ ಬೀದಿಯನ್ನು ಯಾರಿಗೂ ಹಂಚಿಲ್ಲ. ಹೊಸ ಪಟ್ಟಿಯಲ್ಲಿ ನಾವು ತಟ್ಟಬೇಕಾದ ಬಾಗಿಲುಗಳಲ್ಲಿ ಅವರ ಮನೆಯದೂ ಇದೆ. ಆ ಹಾಳೆಯನ್ನು ನಾನೇ ಇಟ್ಟುಕೊಂಡಿದ್ದೇನೆ.