ಯುದ್ಧಕಾಲದ ಅಮೆರಿಕನ್ ಶೆಲ್ ಕೇಸ್: ಗುರುತಿಸುವುದು, ಕೆಡದಂತೆ ಇಡುವುದು

ಬೆಳಗಾವಿಯ ಭಂಗಾರ ಅಂಗಡಿಯಲ್ಲೋ ಕ್ಯಾಂಪ್ ಕಡೆಯ ಹಳೇ ಮನೆಯ ಸಾಮಾನಿನಲ್ಲೋ ಎರಡನೇ ಮಹಾಯುದ್ಧ ಕಾಲದ ಅಮೆರಿಕನ್ ಫಿರಂಗಿಯ ಹಿತ್ತಾಳೆ ಕೇಸ್ (ಗುಂಡು ಹಾರಿಸುವ ಮದ್ದು ತುಂಬುವ ಚಿಪ್ಪು) ಕಂಡರೆ ಎತ್ತುವ ಮೊದಲು ಬಗ್ಗಿ ನೋಡಿ. ಬಾಯಲ್ಲಿ ಗುಂಡು ಕೂತಿದ್ದರೆ ಮುಟ್ಟಬೇಡಿ, ದೂರ ಸರಿದು 112ಕ್ಕೆ ಕರೆ ಮಾಡಿ. ಗುಂಡಿನ ಮೂತಿಯಲ್ಲಿ ಫ್ಯೂಜ್ (ಗುಂಡನ್ನು ಸಿಡಿಸುವ ಸಾಧನ) ಕಾಣುತ್ತಿಲ್ಲ, ಹಾಗಾಗಿ ಇದು ಬರೀ ಉಕ್ಕು ಎನ್ನುವ ಲೆಕ್ಕ ಜೀವಕ್ಕೇ ಕುತ್ತು. 37 ಮಿ.ಮೀ. ಎಂ63 ಸ್ಫೋಟಕ ಗುಂಡಿನ ಫ್ಯೂಜ್ ಇರುವುದು ಬುಡದಲ್ಲಿ, ಕೇಸಿನೊಳಗೆ ಮುಚ್ಚಿಹೋಗಿರುತ್ತದೆ. ಬಣ್ಣವನ್ನೂ ನಂಬಬೇಡಿ, 80 ವರ್ಷದಲ್ಲಿ ಯಾರು ಏನು ಬಳಿದಿದ್ದಾರೋ.

ಸಂಗ್ರಹಕ್ಕೆ ಹೊಡೆದ ಖಾಲಿ ಕೇಸ್ ಮಾತ್ರ. ತಳದ ನಡುವಿನ ಪ್ರೈಮರ್ (ಮದ್ದಿಗೆ ಕಿಡಿ ಹೊತ್ತಿಸುವ ಭಾಗ) ಮೇಲೆ ಪಿನ್ ಬಡಿದ ತಗ್ಗು ಇರಬೇಕು. ತಗ್ಗಿದ್ದ ಮಾತ್ರಕ್ಕೆ ಸಿಡಿದಿದೆ ಎಂದೇನಲ್ಲ, ಪ್ರೈಮರ್‌ನಲ್ಲೂ ಮದ್ದು ಇರುತ್ತದೆ. ಅದನ್ನು ಕೊರೆದು, ಕಾಯಿಸಿ, ಬಡಿದು ತೆಗೆಯಲು ಹೋಗಲೇಬೇಡಿ. 1959ರ ಶಸ್ತ್ರಾಸ್ತ್ರ ಕಾಯ್ದೆಯ ವ್ಯಾಖ್ಯೆಯಲ್ಲಿ ಮದ್ದುಗುಂಡಿನ ಬಿಡಿಭಾಗಗಳೂ ಸೇರುತ್ತವೆ; ಆದ್ದರಿಂದ ದುಡ್ಡು ಕೊಡುವ ಮೊದಲೇ ಪೊಲೀಸರನ್ನು ಲಿಖಿತವಾಗಿ ಕೇಳಿ.

ಗುರುತಿಗೆ ವರ್ನಿಯರ್ ಕ್ಯಾಲಿಪರ್, ಸ್ಟೀಲ್ ಸ್ಕೇಲ್ ಸಾಕು. ಬಾಯಿಯ ಒಳ ಅಳತೆ, ಉದ್ದ, ತಳದ ಅಂಚು ಮೂರೂ ನೋಡಿ. 37 ಮಿ.ಮೀ. ಎಂ3 ಟ್ಯಾಂಕ್ ನಿರೋಧಕ ಫಿರಂಗಿಯ ಎಂ16 ಕೇಸ್ 223 ಮಿ.ಮೀ. ಉದ್ದ. ಸ್ಟುವರ್ಟ್ ಟ್ಯಾಂಕಿಗೂ ಇದೇ ಕೇಸ್. ಬರ್ಮಾ ಯುದ್ಧದಲ್ಲಿ ನಮ್ಮ ಸೇನೆಯ 7ನೇ ಲೈಟ್ ಕ್ಯಾವಲ್ರಿ ದಳ ಸ್ಟುವರ್ಟ್ ಬಳಸಿತ್ತು, ಹಾಗಾಗಿ ಈ ಕೇಸ್ ಇಲ್ಲಿ ಕಂಡರೆ ಅಚ್ಚರಿಯಿಲ್ಲ. ವಿಮಾನ ನಿರೋಧಕ 37 ಮಿ.ಮೀ. ಫಿರಂಗಿಯ ಕೇಸೂ ಇಷ್ಟೇ ಉದ್ದ. ಅದರ ಅಂಚು ಅಷ್ಟು ಹೊರಚಾಚದೆ, ಮೇಲೆ ಸುತ್ತಲೂ ಕಚ್ಚು ಇರುತ್ತದೆ. 57 ಮಿ.ಮೀ. ಎಂ1 ಫಿರಂಗಿಯ ಕೇಸ್ 441 ಮಿ.ಮೀ. ಉದ್ದ, 3 ಇಂಚಿನ ಎಂ5 ಫಿರಂಗಿಯದು 585. ಉದ್ದ 311 ಬಂದರೆ ಅದು 40 ಮಿ.ಮೀ. ಬೋಫೋರ್ಸ್ ವಿಮಾನ ನಿರೋಧಕ ಫಿರಂಗಿಯದು. ಹೂದಾನಿ ಮಾಡಲು ಬಾಯಿ ಕತ್ತರಿಸಿದ್ದರೆ ಉದ್ದದ ಲೆಕ್ಕ ತಪ್ಪುತ್ತದೆ. ಆಗ ತಳದ ಬರಹವೇ ಗತಿ. ಅಲ್ಲಿ ಅಳತೆ, ಕೇಸಿನ ಮಾದರಿ, ಲಾಟ್ ನಂಬರ್, ತಯಾರಕರ ಗುರುತು, ವರ್ಷ ಒತ್ತಿರುತ್ತಾರೆ. ಮಾದರಿಯ ಕೊನೆಗೆ ಬಿ1 ಇದ್ದರೆ ಅದು ಸಾಮಾನ್ಯವಾಗಿ ಉಕ್ಕಿನದು, ಅಯಸ್ಕಾಂತ ಹಿಡಿದು ನೋಡಿ.

ಕೇಸಿನ ಬೆಲೆಯೆಲ್ಲ ಈ ಬರಹದಲ್ಲೇ ಇದೆ. ಅದಕ್ಕೇ ಬಫಿಂಗ್ (ಯಂತ್ರದಲ್ಲಿ ಉಜ್ಜಿ ಹೊಳಪು) ಮಾಡಿಸಿದ ಕೇಸ್ ಕೊಳ್ಳಬೇಡಿ, ನೀವೂ ಮಾಡಿಸಬೇಡಿ. ಹುಣಸೆಹಣ್ಣು ಹಚ್ಚಿ ಬಿಟ್ಟರೆ ಹುಳಿಗೆ ಸತು ಕರಗಿ ತಾಮ್ರದ ಕೆಂಪು ಮೇಲೇಳುತ್ತದೆ. ಆ ಕಲೆ ತಿಕ್ಕಿದರೆ ಅಕ್ಷರವೂ ಸವೆಯುತ್ತದೆ. ಬಿಸಿನೀರು, ಒಂದೆರಡು ಹನಿ ಪಾತ್ರೆ ತೊಳೆಯುವ ದ್ರವ, ಮೆತ್ತನೆ ಹಲ್ಲುಜ್ಜುವ ಬ್ರಷ್ ಸಾಕು. ನೀರು ಒಳಗೆ ನಿಲ್ಲದಂತೆ ಬೋರಲು ಹಾಕಿ ಒಣಗಿಸಿ, ತೆಳ್ಳಗೆ ಮೈಕ್ರೋಕ್ರಿಸ್ಟಲೈನ್ ವ್ಯಾಕ್ಸ್ (ಲೋಹಕ್ಕೆ ತೇವ ತಾಗದಂತೆ ತಡೆಯುವ ಮೇಣ) ಸವರಿ.

ಮಳೆಗಾಲಕ್ಕೆ ಒಂದು ಎಚ್ಚರಿಕೆ. ಬ್ರಿಟಿಷರ ಕಾಲದಲ್ಲಿ ಇದೇ ದೇಶದ ಕುದುರೆ ಲಾಯಗಳಲ್ಲಿ ಮಳೆಗಾಲ ಕಳೆಯಲು ಇಟ್ಟ ಹಿತ್ತಾಳೆ ತೋಟಾಗಳು ತಾವಾಗಿಯೇ ಬಿರಿದಿದ್ದವು. ಮೂತ್ರದಿಂದೇಳುವ ಅಮೋನಿಯಾ, ತೇವ, ಒತ್ತಿ ಎಳೆದ ಲೋಹದೊಳಗೆ ಉಳಿದ ಬಿಗಿತ ಮೂರೂ ಕೂಡಿ ಹಾಗಾಯಿತೆಂದು 1921ರಲ್ಲಿ ವಿವರಿಸಿದರು. ಆದ್ದರಿಂದ ದನದ ಕೊಟ್ಟಿಗೆ, ಗೊಬ್ಬರದ ಚೀಲ, ಅಮೋನಿಯಾ ಬೆರೆತ ಕ್ಲೀನರ್ ಹತ್ತಿರ ಕೇಸ್ ಇಡಬೇಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮುಚ್ಚಳದ ಡಬ್ಬಿಯಲ್ಲಿ ತೇವ ಹೀರಿ ಬಣ್ಣ ಬದಲಿಸುವ ಸಿಲಿಕಾ ಜೆಲ್ ಜೊತೆ ಇಡಿ, ಅದು ಬಣ್ಣ ಬದಲಿಸಿದಾಗ ಹೊಸದು ಹಾಕಿ. ಬಾಯಿಯಿಂದ ಕೆಳಗೆ ಕೂದಲೆಳೆಯಷ್ಟು ಬಿರುಕು ಕಂಡರೆ ಒತ್ತಿ ಕೂಡಿಸಲು ಹೋಗದೆ ಆ ಕೇಸ್ ಬೇರೆ ಡಬ್ಬಿಯಲ್ಲಿ ತಳದ ಮೇಲೆ ನಿಲ್ಲಿಸಿ, ಬಿರುಕಿನ ತುದಿಯ ಫೋಟೋ ತೆಗೆದಿಡಿ. ಮುಂದಿನ ಮಳೆಗಾಲಕ್ಕೆ ಅದು ಬೆಳೆದಿದೆಯೋ ಇಲ್ಲವೋ ಹೋಲಿಸಿ ನೋಡಬಹುದು.