ಕಪ್ಪೆಯ ರಕ್ತ ನೋಡೋದು ಹೀಗೆ

ಇಪ್ಪತ್ತಾರು ವರ್ಷ ಮಲೇರಿಯಾ ಹುಡುಕಲು ಸೂಕ್ಷ್ಮದರ್ಶಕದಲ್ಲಿ ರಕ್ತದ ಸ್ಲೈಡ್ ನೋಡಿದವನು ನಾನು. ನಿವೃತ್ತನಾದ ಮೇಲೆ ಕಲಬುರಗಿಯ ಕಾಲೇಜು ಹುಡುಗರು ಅರಣ್ಯ ಇಲಾಖೆಯ ಪರವಾನಗಿ ಹಿಡಿದುಕೊಂಡು ಬಂದು, "ಸರ್, ಕಪ್ಪಿ ರಕ್ತ ನೋಡೋದು ಹೇಳಿಕೊಡ್ರಿ" ಅಂದರು. ಅದೇನು ಮಹಾ ಅಂದುಕೊಂಡೆ. ಮೊದಲ ಸ್ಲೈಡಿನಲ್ಲೇ ಮುಖಭಂಗ. ಒಂದೊಂದು ಕೆಂಪು ಕಣದೊಳಗೂ ನೇರಳೆ ಉಂಡೆ! 'ಭಾರೀ ಸೋಂಕು' ಅಂತ ಬರೆಸಿಯೂ ಬಿಟ್ಟೆ. ಅದು ಕಣದ್ದೇ ನ್ಯೂಕ್ಲಿಯಸ್, ಅಂದರೆ ಕೋಶಕೇಂದ್ರ. ನಮ್ಮ ಕೆಂಪು ಕಣಕ್ಕೆ ಅದಿಲ್ಲ, ಕಪ್ಪೆಯದಕ್ಕೆ ಉಂಟು. ಕಣವೂ ಮೊಟ್ಟೆಯಾಕಾರ, ಉದ್ದ ನಮ್ಮದರ ಎರಡು-ಮೂರು ಪಟ್ಟು. ಹಾಗಾಗಿ ಮೊದಲ ದಿನ ಪರಾವಲಂಬಿ ಹುಡುಕಬೇಡಿ, ಬರೀ ಕಣಗಳನ್ನು ನೋಡುತ್ತಾ ಕೂಡಿ.

ಕಪ್ಪೆ ಮುಟ್ಟುವ ಕೈಯಲ್ಲಿ ತಂಬಾಕು-ಸುಣ್ಣ ತಿಕ್ಕಿರಬಾರದು. ಅದರ ಚರ್ಮ ಎಲ್ಲ ಹೀರಿಕೊಳ್ಳುತ್ತದೆ. ಒದ್ದೆ ಗ್ಲೌಸ್ ಹಾಕಿ, ಕಪ್ಪೆಗೊಂದು ಹೊಸ ಜೋಡಿ. ರಕ್ತ ತೆಗೆಯುವುದು ಪಶುವೈದ್ಯರ ಕೆಲಸ. ನಮಗೆ ಒಂದು ಹನಿ ಸಾಕು.

ಮಳೆಗಾಲದಲ್ಲಿ ಸ್ಮಿಯರ್, ಅಂದರೆ ಗಾಜಿನ ಮೇಲೆ ತೆಳ್ಳಗೆ ಸವರಿದ ರಕ್ತ, ನಿಧಾನ ಒಣಗಿ ಕಣಗಳಲ್ಲಿ ತೂತು ಬೀಳುತ್ತವೆ, ಹೊಸಬರು ಅದನ್ನೇ ಪರಾವಲಂಬಿ ಅನ್ನುತ್ತಾರೆ. ರಟ್ಟು ಬೀಸಿ ಬೇಗ ಒಣಗಿಸಿ, ಕಣಗಳು ಗಾಜಿಗೆ ಗಟ್ಟಿಯಾಗಿ ಹಿಡಿಯಲು ಮೆಥನಾಲಿನಲ್ಲಿ ಅದ್ದಿ. ತಡಮಾಡಿದರೆ ಇರುವೆ ಬಂದು ನೆಕ್ಕಿ ಹೋಗುತ್ತವೆ, ನನ್ನ ಮೂರು ಸ್ಲೈಡ್ ಹಾಗೇ ಹೋದವು. ಕಣ, ಪರಾವಲಂಬಿಗಳು ಎದ್ದು ಕಾಣಲು ಹಾಕುವ ಗೀಮ್ಸಾ ಬಣ್ಣಕ್ಕೆ ನಮ್ಮ ಬೋರಿನ ಗಡಸು ನೀರು ಬೇಡ, ಎಲ್ಲ ನೀಲಿ ಬಳಿದಂತಾಗುತ್ತದೆ. ಡಿಸ್ಟಿಲ್ಡ್ ನೀರಿಗೆ ಆಮ್ಲ-ಕ್ಷಾರದ ಹದ ಕಾಯುವ, ಪಿಎಚ್ 7.2ರ ಬಫರ್ ಮಾತ್ರೆ ಹಾಕಿಕೊಳ್ಳಿ.

ಇನ್ನು ಎಣ್ಣೆ ಲೆನ್ಸ್, ಸ್ಲೈಡಿನ ಮೇಲೆ ಎಣ್ಣೆ ಹನಿಸಿ ನೋಡುವ ಹೆಚ್ಚು ಶಕ್ತಿಯ ಮಸೂರ. ಕಣದೊಳಗೆ ಬಾಳೆಹಣ್ಣಿನಂತೆ ಬಾಗಿದ್ದೊಂದು ಮಲಗಿ ನ್ಯೂಕ್ಲಿಯಸ್ಸನ್ನು ಅಂಚಿಗೆ ನೂಕಿದ್ದರೆ ಅದು ಹೆಪಟೋಝೂನ್ ಎಂಬ ಏಕಕೋಶ ಪರಾವಲಂಬಿಗಳ ಬಳಗದ್ದಿರಬಹುದು. ಮಲೇರಿಯಾ ಪರಾವಲಂಬಿಯಲ್ಲಿ ಕಾಣುವ ಕಂದು ಚುಕ್ಕೆ ಇದರಲ್ಲಿ ಸಿಗದು. ಕೆನಡಾದ ಕಪ್ಪೆಗಳಲ್ಲಿ ಹೆಪಟೋಝೂನ್ ಹರಡುವ ಬಗೆ ಕೇಳಿ ನನಗೆ ನಗು ಬಂತು: ಸೊಳ್ಳೆ ಕಚ್ಚಿ ಅಲ್ಲ, ಸೋಂಕಿನ ಸೊಳ್ಳೆಯನ್ನು ಕಪ್ಪೆಯೇ ನುಂಗಿ! ಕಣಗಳ ಹೊರಗೆ, ಅಂಚಿಗೆ ಸೀರೆಯ ನೆರಿಗೆಯಂಥ ಪದರವಿರುವ ದೊಡ್ಡ ಜೀವಿ ಕಂಡರೆ ಅದು ಟ್ರಿಪನೊಸೋಮ ಎಂಬ ಇನ್ನೊಂದು ಏಕಕೋಶ ಪರಾವಲಂಬಿ. ಆ ಹೆಸರು ಹುಟ್ಟಿದ್ದೇ ಕಪ್ಪೆಯ ರಕ್ತದಿಂದ, 1843ರಲ್ಲಿ, ಗ್ರೂಬಿ ಎಂಬ ವೈದ್ಯ ಇಟ್ಟದ್ದು. ನೀರುಗಪ್ಪೆಗೆ ಇದನ್ನು ಜಿಗಣೆ ಅಂಟಿಸುವುದುಂಟು, ಆದ್ದರಿಂದ ತೊಡೆಸಂದಿ ನೋಡಿ ಜಿಗಣೆ ಇದ್ದರೆ ಬರೆದುಕೊಳ್ಳಿ.

ಪರಾವಲಂಬಿ ಸಿಕ್ಕಿತೆಂದು 'ರೋಗಿ' ಅಂತ ಬರೆಯಬೇಡಿ. ಕಾಡಿನ ಎಷ್ಟೋ ಕಪ್ಪೆಗಳು ಇವನ್ನು ಹೊತ್ತುಕೊಂಡೇ ವಟಗುಟ್ಟುತ್ತಿರುತ್ತವೆ. ಹತ್ತು ಸಾವಿರ ಕಣಕ್ಕೆ ಎಷ್ಟು ಅಂತ ಎಣಿಸಿ. ಸಂಖ್ಯೆ ಜಾಸ್ತಿ, ಬಾಯಿ ಒಳಗೆ ಬಿಳಿಚಿದೆ, ದುಂಡಗಿನ ಎಳೆಯ ಕೆಂಪು ಕಣಗಳೂ ಹೆಚ್ಚು ಕಾಣುತ್ತವೆ ಅಂದರೆ ರಕ್ತಹೀನತೆಯ ಗುಮಾನಿ ಬರಬೇಕು. ಆಗಲೂ ಹೊಂಡ ಬತ್ತುತ್ತಿದೆಯೇ, ಪಕ್ಕದ ತೊಗರಿಗೆ ಕೀಟನಾಶಕ ಹೊಡೆದಿದ್ದಾರೆಯೇ ಅಂತ ಹೊಲದವರನ್ನು ಕೇಳಿ ಅದೇ ಸಾಲಿನಲ್ಲಿ ಬರೆಯಿರಿ. ಕಪ್ಪೆಯನ್ನು ಮಾತ್ರ ಅದೇ ದಿನ, ಅದೇ ಹೊಂಡಕ್ಕೆ ಬಿಡಿ. ಬೇರೆ ಹೊಂಡಕ್ಕೆ ಹೋಗುವ ಮುನ್ನ ಬೂಟು ತೊಳೆದು ಒಣಗಿಸಿ.