ಸುಣ್ಣ ಸತ್ತಿತ್ತು, ಬೋರ್ಡೋ ಹುಳಿಯಾಗಿತ್ತು

ಅಡಿಕೆಗೆ ಮೊದಲ ಸುತ್ತಿನ ಬೋರ್ಡೋ, ಅಂದರೆ ಮೈಲುತುತ್ತ-ಸುಣ್ಣ ಬೆರೆಸಿದ ಶಿಲೀಂಧ್ರದ ಮದ್ದು, ಹೊಡೆಸಿ ವಾರವಾಗಿರಲಿಲ್ಲ, ಎಳೆ ಅಡಿಕೆ ಮೇಲೆ ಸುಟ್ಟಂಥ ಕಂದು ಕಲೆ. ಮರ ಹತ್ತಿ ಮದ್ದು ಹೊಡೆದ ಕೊನೆಗಾರನ ಮೇಲೆ ಸುಮ್ಮನೆ ರೇಗಿದೆ; ತಪ್ಪು ಇದ್ದದ್ದು ಡ್ರಮ್ಮಿನಲ್ಲಿ.

ಅಳತೆ ಸರಿಯೇ ಇತ್ತು: 100 ಲೀಟರ್ ನೀರಿಗೆ 1 ಕೆಜಿ ಮೈಲುತುತ್ತ (ತಾಮ್ರದ ಸಲ್ಫೇಟ್), 1 ಕೆಜಿ ಸುಣ್ಣ. ಆದರೆ ತಳದಲ್ಲಿ ಉಳಿದಿದ್ದ ಮದ್ದಿಗೆ ಹುಳಿ ಎಷ್ಟೆಂದು ತೋರುವ ಪಿಎಚ್ ಪಟ್ಟಿ ಅದ್ದಿದರೆ 5! ಏಳು ಅಂದರೆ ತಟಸ್ಥ, ಅದಕ್ಕಿಂತ ಕೆಳಗೆ ಹುಳಿ. ಏಳಕ್ಕೆ ಎರಡೇ ಕಡಿಮೆ ಅನ್ನಬೇಡಿ. ಒಂದೊಂದು ಅಂಕ ಇಳಿದಾಗಲೂ ಹೈಡ್ರೋಜನ್ ಅಯಾನು ಹತ್ತು ಪಟ್ಟು ಏರುತ್ತದೆ, ಅಂದರೆ ಇಲ್ಲಿ ನೂರು ಪಟ್ಟು.

ಮೈಲುತುತ್ತ ಕರಗಿದಾಗ ತಾಮ್ರದ ಅಯಾನು ನೀರಿನ ಅಣುವಿನಿಂದ ಹೈಡ್ರೋಜನ್ ಅಯಾನನ್ನು ಬಿಡಿಸುತ್ತದೆ, ಹಾಗಾಗಿ ಅದು ಆಮ್ಲೀಯ. ಸುಣ್ಣದ ಹೈಡ್ರಾಕ್ಸೈಡ್ ಆ ಹೈಡ್ರೋಜನ್ ಅಯಾನನ್ನು ಹಿಡಿದು ಮತ್ತೆ ನೀರಾಗಿಸಬೇಕು. ನನ್ನದೋ, ಹೋದ ಮಳೆಗಾಲದಲ್ಲಿ ಬಾಯಿ ಬಿಚ್ಚಿದ ಚೀಲ. ಗಾಳಿಯ ಇಂಗಾಲದ ಡೈಆಕ್ಸೈಡ್ ಕುಡಿದು ಬಹುಪಾಲು ಕ್ಯಾಲ್ಸಿಯಂ ಕಾರ್ಬೊನೇಟ್ ಆಗಿತ್ತು. ತೂಕವಿತ್ತು, ಖಾರ ಇರಲಿಲ್ಲ.

ಹೊಸ ಸುಟ್ಟ ಸುಣ್ಣ ತಂದು ಅರಳಿಸಿ, ಸೋಸಿ, ಆ ತಿಳಿಗಂಜಿಯಂಥ ನೀರಿಗೆ ಮೈಲುತುತ್ತದ ನೀರು ನಿಧಾನಕ್ಕೆ ಸುರಿದೆ. ಉಲ್ಟಾ ಸುರಿಯಬಾರದು. ಆಕಾಶನೀಲಿ ಬಂತು. ಪಟ್ಟಿ 7 ದಾಟಿತು.

ಅಪ್ಪಯ್ಯ ಪಟ್ಟಿ ನಂಬುವವರಲ್ಲ. ಉಜ್ಜಿ ಹೊಳಪಾಗಿಸಿದ ಕತ್ತಿಯನ್ನು ಹಳೆ ಮದ್ದಿಗೆ ಅದ್ದಿದರು: ಸುಣ್ಣಕ್ಕೆ ಸಿಕ್ಕದೆ ಉಳಿದಿದ್ದ ತಾಮ್ರ ತುದಿಗೆ ಕೆಂಪಗೆ ಹತ್ತಿತು. ತಿಕ್ಕಿ ತೆಗೆದು ಹೊಸದಕ್ಕೆ ಅದ್ದಿದರು, ಹೊಳಪು ಹಾಗೇ ಇತ್ತು. "ಈಗ ಹೊಡಿ" ಅಂದರು.

ಹಳೆ ಚೀಲದ ಸುಣ್ಣವನ್ನು ತೋಟದ ಹುಳಿಮಣ್ಣಿಗೆ ಎರಚಿದ್ದೇನೆ. ಅಲ್ಲಿಗೆ ಆ ಸುಣ್ಣ ಧಾರಾಳ ಸಾಕು.